ಬ್ಲೌಸಿನ ತೋಳಿಗೆ, ಬಿದ್ರಿ ಪದಕಕ್ಕೆ ಕಣ್ಣು: ಈ ಬೇಡಿಕೆ ಎಲ್ಲಿಂದ ಬಂತು, ಕೆಲಸ ಎಲ್ಲಿ ಕೆಡುತ್ತದೆ?

ಪ್ರಶ್ನೆ: ನಾ ಕಲಬುರಗಿಯೊಳಗ ಮನ್ಯಾಗೇ ಬ್ಲೌಸ್ ಹೊಲದು ಆರಿ ವರ್ಕ್ ಮಾಡ್ತೀನ್ರಿ. ಈಗೊಂದೆರಡು ವರ್ಷದಿಂದ ಮದ್ವಿ, ಕುಬಸ (ಸೀಮಂತ), ತೊಟ್ಲಾ ಅಂದ್ರ ಸಾಕು, ‘ಕಣ್ಣಿನ ಡಿಸೈನ್ ಹಾಕ್ರಿ, ನೆದರ (ದೃಷ್ಟಿ) ಆಗಬಾರ್ದು’ ಅಂತ ಕೇಳ್ಲಾಕತ್ತಾರ. ಫೋನ್‌ದಾಗ ತೋರಸೋ ಫೋಟೊ ಎಲ್ಲಾ ನೀಲಿ ಕಣ್ಣೇ. ಜನರ ಅಂಜಿಕಿನೇ ಹಿಂಗ ಫ್ಯಾಶನ್ ಆಗಿ ಬರ್ತದ ಅಂತಾರ, ಖರೇ ಏನ್ರಿ? ಇನ್ನೊಂದು, ನಾ ಹಾಕಿದ ಕಣ್ಣು ಅಡ್ಡಾದಿಂದ (ಬಟ್ಟಿ ಬಿಗಿಯೋ ಚೌಕಟ್ಟು) ತಗದ ಮ್ಯಾಲ ತತ್ತಿಯಂಗ ಉದ್ದಾಗ್ತದ, ನೀಲಿ ಬಣ್ಣ ಬಿಟ್ಟು ಬಿಳಿಗಿ ಹತ್ತತದ. ಒಬ್ಬಾಕಿ ಬಿದ್ರಿಯೊಳಗ (ಕಪ್ಪು ಲೋಹದಾಗ ಬೆಳ್ಳಿ ಕೂರಸೋ ಬೀದರಿನ ಕೆಲಸ) ನೀಲಿ ಕಣ್ಣಿನ ಪದಕ ಬೇಕಂದಾಳ. ಅದು ಆಗ್ತದೇನ್ರಿ?

ಉತ್ತರ: ಅಂಜಿಕೆಗೂ ಫ್ಯಾಶನ್ನಿಗೂ ನಂಟಿದೆ, ಆ ಮಾತು ಖರೆ. ಆದರೆ ಯಾವ ಅಂಜಿಕೆ ಎಂದು ಬಿಡಿಸಿ ನೋಡಬೇಕು. ಬಟ್ಟೆ, ಒಡವೆಗಳ ಮೇಲೆ ಇದುವರೆಗೆ ಬಂದ ಕಣ್ಣುಗಳೆಲ್ಲ ಒಂದೇ ಜಾತಿಯವಲ್ಲ. ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ಹೇಳುವ ಪಹರೆಯ ಕಣ್ಣು ಒಂದು. ಬೇರೆಯವರ ನೋಟವನ್ನು ತಡೆದು ನಿಲ್ಲಿಸುವ ಕಾವಲಿನ ಕಣ್ಣು ಇನ್ನೊಂದು. ಇವೆರಡನ್ನು ಬೆರೆಸಿದರೆ ವಿನ್ಯಾಸವೂ ಕೆಡುತ್ತದೆ, ಜಾಗವೂ ತಪ್ಪುತ್ತದೆ.

ಪಹರೆಯ ಕಣ್ಣಿಗೆ ಸುಮಾರು 1600ರಲ್ಲಿ ಬರೆದ ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ‘ರೇನ್‌ಬೋ’ ಭಾವಚಿತ್ರ ನೋಡಬೇಕು. ಆಕೆಯ ಕಿತ್ತಳೆ ಬಣ್ಣದ ಮೇಲುಹೊದಿಕೆಯ ತುಂಬ ಕಣ್ಣು, ಕಿವಿಗಳಿವೆ. ರಾಣಿಗೆ ಕಾಣದ್ದಿಲ್ಲ, ಕೇಳದ್ದಿಲ್ಲ ಎಂದು ಪ್ರಜೆಗಳಿಗೆ ಸಾರುವ ಬಟ್ಟೆ ಅದು. ಗೂಢಚಾರರನ್ನು ಚೆನ್ನಾಗಿ ಬಳಸಿಕೊಂಡ ಆಡಳಿತಕ್ಕೆ ತಕ್ಕುದೇ. ನಮ್ಮ ಕಾಲದಲ್ಲಿ 2013ರ ಮಾರ್ಚ್‌ನಲ್ಲಿ ಕೆಂಜೊ ಕಂಪನಿ ಪ್ಯಾರಿಸ್‌ನಲ್ಲಿ ತೋರಿಸಿದ ಬಟ್ಟೆಗಳಲ್ಲೂ ಎಲ್ಲೆಲ್ಲೂ ಕಣ್ಣಿತ್ತು. ಅಮೆರಿಕ ಸರ್ಕಾರ ಜನರ ಫೋನು, ಇಂಟರ್‌ನೆಟ್ಟಿನ ಮೇಲೆ ನಿಗಾ ಇಡುತ್ತಿದ್ದುದನ್ನು ಎಡ್ವರ್ಡ್ ಸ್ನೋಡೆನ್ ಬಯಲಿಗೆ ತಂದದ್ದೂ ಅದೇ ವರ್ಷ. ಹೀಗಾಗಿ ಒಂದರಿಂದ ಇನ್ನೊಂದು ಬಂತು ಎಂದು ಸುಲಭವಾಗಿ ಬರೆದುಬಿಡಬಹುದು. ಆದರೆ ಸ್ನೋಡೆನ್ ಸುದ್ದಿ ಹೊರಬಿದ್ದದ್ದು ಜೂನ್‌ನಲ್ಲಿ; ಬಟ್ಟೆ ಅದಕ್ಕೂ ಮೂರು ತಿಂಗಳು ಮೊದಲೇ ತಯಾರಾಗಿತ್ತು. ವಿನ್ಯಾಸ ತನ್ನ ದಾರಿಯಲ್ಲಿ ಬರುತ್ತದೆ, ಕೊಳ್ಳುವವರ ಮನಸ್ಸಿನ ಭಯ ಆಮೇಲೆ ಅದಕ್ಕೆ ಅರ್ಥ ತುಂಬುತ್ತದೆ. ಫ್ಯಾಶನ್ ಮತ್ತು ಅಂಜಿಕೆಯ ನಂಟನ್ನು ಹೇಳುವಾಗ ಈ ಹಿಂದು-ಮುಂದು ಮರೆಯಬಾರದು.

ನಮ್ಮ ಭಾಗಕ್ಕೆ ಈ ಪಹರೆಯ ಕಣ್ಣು ಬರಲೇ ಇಲ್ಲ ಎಂದು ನನ್ನ ಅಭಿಪ್ರಾಯ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಷ್ಟು ದೊಡ್ಡ ಚರ್ಚೆ ನಮ್ಮ ರಾಜ್ಯದವರಿಂದಲೇ ನಡೆದರೂ ಯಾರೂ ಕ್ಯಾಮೆರಾದ ಕಣ್ಣನ್ನು ತೋಳಿಗೆ ಹೊಲಿಸಲಿಲ್ಲ. ನಿಮ್ಮ ಗಿರಾಕಿಗಳು ಹೆದರುತ್ತಿರುವುದು ಸರ್ಕಾರದ ಕ್ಯಾಮೆರಾಕ್ಕಲ್ಲ, ಬಳಗದವರ ನೋಟಕ್ಕೆ.

ಈ ಹೆದರಿಕೆ ಎಲ್ಲ ಕಡೆಯೂ ಇಲ್ಲ. ಜಾನ್ ರಾಬರ್ಟ್ಸ್ ಎಂಬ ಮಾನವಶಾಸ್ತ್ರಜ್ಞರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 186 ಸಮಾಜಗಳನ್ನು ಹೋಲಿಸಿ ನೋಡಿದಾಗ 67ರಲ್ಲಿ ಮಾತ್ರ ದೃಷ್ಟಿಯ ನಂಬಿಕೆ ಸಿಕ್ಕಿತು. ಮೆಡಿಟರೇನಿಯನ್ ಸಮುದ್ರದ ಸುತ್ತಲ ನಾಡುಗಳಿಂದ ಹಿಡಿದು ಪಶ್ಚಿಮ ಏಷ್ಯಾ, ಭಾರತದವರೆಗೆ ಅದು ದಟ್ಟವಾಗಿದೆ. ಊರಿನಲ್ಲಿರುವ ಸುಖ ಇಷ್ಟೇ, ಒಬ್ಬರಿಗೆ ಹೆಚ್ಚು ಸಿಕ್ಕರೆ ಇನ್ನೊಬ್ಬರಿಗೆ ಕಡಿಮೆಯಾದಂತೆ ಎಂಬ ಭಾವನೆ ಇರುವಲ್ಲಿ ಹೊಟ್ಟೆಕಿಚ್ಚಿನ ಭಯ ಬೆಳೆಯುತ್ತದೆ ಎಂದು ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್ ವಾದಿಸಿದರು. ದೃಷ್ಟಿ ಬಿದ್ದದ್ದು ಒಣಗುತ್ತದೆ ಎಂಬ ನಂಬಿಕೆಯೇ ಇದರ ತಿರುಳು ಎಂದವರು ಜಾನಪದ ವಿದ್ವಾಂಸ ಅಲನ್ ಡಂಡಿಸ್: ಹಾಲು ಬತ್ತುತ್ತದೆ, ಗಿಡ ಬಾಡುತ್ತದೆ, ಕೂಸು ಸೊರಗುತ್ತದೆ. ಎಮ್ಮೆ ಹಾಲು ಬಿಡದಿದ್ದರೆ, ಹೂಬಿಟ್ಟ ತೊಗರಿ ಉದುರಿದರೆ ನೆದರಾಗಿದೆ ಎನ್ನುವ ಮಳೆ ಕಡಿಮೆಯ ನಮ್ಮ ಸೀಮೆಗೆ ಆ ಮಾತು ಚೆನ್ನಾಗಿ ಹೊಂದುತ್ತದೆ.

ಹಾಗಾದರೆ ಹೊಸದೇನು? ನೆದರಿನ ಭಯ ಹಳೆಯದೇ; ಬದಲಾಗಿರುವುದು ಅದಕ್ಕೆ ಕಟ್ಟುವ ತಡೆ. ನಮ್ಮ ಹಳೆಯ ತಡೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕೂಸಿನ ಗಲ್ಲಕ್ಕೆ ಕಾಡಿಗೆಯ ದೊಡ್ಡ ಬೊಟ್ಟು, ಹೊಲದಲ್ಲಿ ಗಡಿಗೆ ತಲೆಗೆ ಸುಣ್ಣದ ಕಣ್ಣು ಬರೆದ ಬೆದರುಗೊಂಬೆ, ಕಟ್ಟುತ್ತಿರುವ ಮನೆಗೆ ಕೋರೆಹಲ್ಲಿನ ರಾಕ್ಷಸ ಮುಖ, ಅಂಗಡಿ ಬಾಗಿಲಿಗೆ ನಿಂಬೆಹಣ್ಣು-ಮೆಣಸಿನಕಾಯಿ. ಇವೆಲ್ಲ ಬೇಕೆಂದೇ ಅಂದಗೆಡಿಸುವಂಥವು, ಇಲ್ಲವೇ ಹೆದರಿಸುವಂಥವು. ನೋಡುವವರ ಕಣ್ಣು ಮೊದಲು ಆ ಕುಂದಿನ ಮೇಲೆ ಬಿದ್ದು ಚೆಲುವು ಉಳಿಯಲಿ ಎಂಬ ಲೆಕ್ಕ. ನೀಲಿ ಕಣ್ಣಿನ ಮಣಿ ಆ ಲೆಕ್ಕವನ್ನೇ ತಿರುಗಿಸಿದೆ: ಅದು ತಡೆಯೂ ಹೌದು, ಒಡವೆಯೂ ಹೌದು. ಕುಬಸಕ್ಕೆ ಕೂತವಳ ಗಲ್ಲದ ಮೇಲೆ ಕಾಡಿಗೆ ಬೊಟ್ಟಿಟ್ಟರೆ ಫೋಟೊ ಕೆಡುತ್ತದೆ ಎನ್ನುವ ಕಾಲ ಇದು. ಆ ಬೊಟ್ಟು ಮುಖದಿಂದ ಇಳಿದು ತೋಳಿಗೆ ಬಂದಿದೆ, ಬರುವಾಗ ಬಣ್ಣ ಹಚ್ಚಿಕೊಂಡು ಬಂದಿದೆ.

ಇದಕ್ಕೆ ಫೋನು ದೊಡ್ಡ ಕಾರಣ. ಮೊದಲು ಕುಬಸ ನೋಡುತ್ತಿದ್ದವರು ಓಣಿಯವರು, ಬೀಗರು. ಈಗ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದ ಫೋಟೊವನ್ನು ಯಾರು ಯಾರು ನೋಡಿದರು ಎಂಬ ಪಟ್ಟಿ ಹೆಸರಿನ ಸಮೇತ ಕಣ್ಣೆದುರಿಗೆ ಬರುತ್ತದೆ. ಮಾತು ಬಿಟ್ಟ ವಾರಗಿತ್ತಿಯ ಹೆಸರೂ ಅದರಲ್ಲಿರುತ್ತದೆ. ನೀಲಿ ಮಣಿಯ ಎಮೋಜಿ 2018ರಲ್ಲಿ ಯೂನಿಕೋಡ್ ಪಟ್ಟಿಗೆ ಸೇರಿತು. ಕೂಸಿನ ಮುಖದ ಮೇಲೆ ಅದನ್ನು ಅಂಟಿಸಿ ಫೋಟೊ ಹಾಕುವ ಪದ್ಧತಿ ಇಲ್ಲೂ ಬಂತು. ತೋರಿಸಲೂ ಬೇಕು, ನೋಟ ತಾಗಲೂಬಾರದು ಎನ್ನುವ ಎರಡು ಆಸೆಗೆ ಅದೊಂದೇ ಗುರುತು ಸಾಕಾಯಿತು. ಕೋವಿಡ್ ಕೂಡ ಜನರನ್ನು ಅಲುಗಾಡಿಸಿತು, ಅದರಲ್ಲೂ ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದ ಕಲಬುರಗಿಯವರನ್ನು. ಆದರೂ ಕಣ್ಣಿನ ಫ್ಯಾಶನ್ನಿಗೆ ಅದೇ ಕಾರಣ ಎಂದು ನಾನು ಹೇಳಲಾರೆ. ನಿಮ್ಮ ಆರ್ಡರ್ ಪುಸ್ತಕದಲ್ಲಿ ಪ್ರತಿ ಕಣ್ಣಿನ ಮುಂದೆ ಯಾವ ಕಾರ್ಯಕ್ಕೆ ಎಂದು ಬರೆದಿಡಿ. ಕುಬಸ, ತೊಟ್ಟಿಲು, ಹೊಸ ಮದುವೆ, ಗೃಹಪ್ರವೇಶ, ಅಂದರೆ ಮನೆತನದ ಸುಖ ನಾಲ್ಕು ಜನರ ಮುಂದೆ ಬರುವ ದಿನಗಳೇ ಅಲ್ಲಿ ತುಂಬಿರುತ್ತವೆ.

ಇನ್ನು ಜಾಗದ ಮಾತು. ಎದೆಯ ಮೇಲೆ, ಡಾರ್ಟ್ (ಉಬ್ಬಿಗಾಗಿ ಹಾಕುವ ಮಡಿಕೆ ಹೊಲಿಗೆ) ಕೂಡುವ ತುದಿಯ ಹತ್ತಿರ ಕಣ್ಣು ಬೇಡವೇ ಬೇಡ. ನೋಟ ತಡೆಯಬೇಕಾದ ಚಿತ್ರವೇ ನೋಟವನ್ನು ಅಲ್ಲಿಗೆ ಎಳೆಯುತ್ತದೆ, ಜೊತೆಗೆ ಉಬ್ಬಿನ ಮೇಲೆ ವೃತ್ತ ಸೊಟ್ಟಗಾಗುತ್ತದೆ. ಬೆನ್ನಿಗೆ ಹಾಕುವುದಾದರೆ ಮೊದಲು ಜಡೆ ಕೇಳಿ: ಮದುವೆಗೆ ಮೊಗ್ಗಿನ ಜಡೆ ಹಾಕುವವಳ ಬೆನ್ನಿನ ನಡುವೆ ಕಣ್ಣಿಟ್ಟರೆ ಇಡೀ ದಿನ ಅದು ಹೂವಿನ ಕೆಳಗೇ ಇರುತ್ತದೆ. ಸೆರಗು ಎಡಕ್ಕೆ ಹೊದೆಯುವವರಿಗೆ ಎಡಬೆನ್ನು, ಎಡತೋಳು ಮುಚ್ಚುತ್ತದೆ. ಬಲಕ್ಕೆ ಸೆರಗು ತರುವ ಹಿರಿಯರಿಗೆ ಇದು ತಿರುಗುಮುರುಗು. ಕುಬಸದಲ್ಲಿ ಹೆಣ್ಣುಮಗಳು ಕೂತೇ ಇರುತ್ತಾಳೆ, ಆರತಿ ಎತ್ತುವವರೂ ಫೋಟೊ ತೆಗೆಯುವವರೂ ಎದುರಿಗೆ ಇರುತ್ತಾರೆ. ಅದಕ್ಕೆ ಸೆರಗಿಲ್ಲದ ಕಡೆಯ ತೋಳೇ ಸರಿ. ತೋಳಿನ ಅಂಚಿನಿಂದ ನಾಲ್ಕು ಸೆಂ.ಮೀ. ಮೇಲೆ, ತೋಳಿನ ನಡುಗೆರೆಯಿಂದ ಒಂದು ಸೆಂ.ಮೀ. ಮುಂದಕ್ಕೆ ಸರಿಸಿ ಇಡಿ. ಸರಿಯಾಗಿ ನಡುವೆ ಇಟ್ಟದ್ದು ಎದುರಿನ ಫೋಟೊದಲ್ಲಿ ಅರ್ಧವೇ ಕಾಣುತ್ತದೆ.

ಆಕಾರದಲ್ಲಿ ಎರಡು ಬಗೆ. ಟರ್ಕಿಯ ಮಣಿಯದು ರೆಪ್ಪೆಯಿಲ್ಲದ ಸುತ್ತು ಕಣ್ಣು: ಹೊರಗೆ ಕಡುನೀಲಿ, ಒಳಗೆ ಬಿಳಿ, ಅದರೊಳಗೆ ತಿಳಿನೀಲಿ, ನಡುವೆ ಕಪ್ಪು. ಹತ್ತು ರೂಪಾಯಿ ನಾಣ್ಯದ ಅಳತೆ, ಅಂದರೆ 27 ಮಿ.ಮೀ. ಹೊರಸುತ್ತು ಹಿಡಿದರೆ ಬಿಳಿಗೆ 16, ತಿಳಿನೀಲಿಗೆ 10, ಕಪ್ಪಿಗೆ 5 ಮಿ.ಮೀ. ಅಡ್ಡಳತೆ ಚೆನ್ನಾಗಿ ಕೂಡುತ್ತದೆ. ಬಿಳಿ ಇದಕ್ಕಿಂತ ಕಡಿಮೆಯಾದರೆ ಎರಡು ಹೆಜ್ಜೆ ದೂರದಿಂದ ಬರೀ ನೀಲಿ ಗುಂಡಿ ಕಾಣುತ್ತದೆ. ಇನ್ನೊಂದು ಬಾದಾಮಿ ಕಣ್ಣು. ಆರು ಸೆಂ.ಮೀ. ಉದ್ದಕ್ಕೆ ಮೂರು ಸೆಂ.ಮೀ. ಎತ್ತರ, ಪಾಪೆಯ (ಕಣ್ಣಿನ ಬಣ್ಣದ ಭಾಗದ) ಅಡ್ಡಳತೆ 32 ಮಿ.ಮೀ., ನಡುವಿನ ಕಪ್ಪು 11 ಮಿ.ಮೀ. ಇಲ್ಲಿ ಬಹಳ ಮಂದಿ ಎಡವುವುದು ಪಾಪೆಯನ್ನು ಪೂರ್ತಿ ಗುಂಡಗೆ ಬಿಡಿಸಿ ಸುತ್ತಲೂ ಬಿಳಿ ಬಿಡುವುದರಲ್ಲಿ. ಸುತ್ತಲೂ ಬಿಳಿ ಕಂಡರೆ ಅದು ಬೆಚ್ಚಿದ ಕಣ್ಣು, ಇಲ್ಲವೇ ಸಿಟ್ಟಿನ ಕಣ್ಣು. ಹೊಲದ ಬೆದರುಗೊಂಬೆಗೆ ಅದು ಸರಿ, ಮದುಮಗಳ ತೋಳಿಗೆ ಬೇಡ. ಪಾಪೆಯ ಮೇಲ್ತುದಿ ಎರಡು ಮೂರು ಮಿ.ಮೀ. ರೆಪ್ಪೆಯ ಕೆಳಗೆ ಹೋಗಲಿ, ಕೆಳತುದಿ ಕೆಳರೆಪ್ಪೆಗೆ ತಾಗಲಿ. ಮಿಂಚಿನ ಬಿಳಿ ಚುಕ್ಕೆ ಪಾಪೆಯ ಮೇಲ್ಭಾಗದ ಎಡಕ್ಕೆ ಒಂದೇ ಸಾಕು. ಎರಡು ಕಣ್ಣು ಹಾಕಿದ್ದರೆ ಎರಡರಲ್ಲೂ ಚುಕ್ಕೆ ಎಡಕ್ಕೇ ಇರಬೇಕು. ಒಂದನ್ನು ತಿರುಗಿಸಿ ಹಾಕಿದರೆ ಕಣ್ಣು ಮೆಳ್ಳಗಾಗುತ್ತವೆ.

ತತ್ತಿಯಾಗುವ ತೊಂದರೆಯ ಮೂಲ ಅಡ್ಡಾದ ಬಿಗಿತದಲ್ಲಿದೆ. ಎರಡು ಮರಗಳ ನಡುವೆ ಸುತ್ತಿದ ದಿಕ್ಕಿನಲ್ಲಿ ಬಟ್ಟೆ ತಾನಾಗಿ ಬಿಗಿಯಾಗುತ್ತದೆ, ಪಕ್ಕದಲ್ಲಿ ದಾರದಿಂದ ಎಳೆದು ಕಟ್ಟಿದ ದಿಕ್ಕು ಸಡಿಲವಾಗಿ ಉಳಿಯುತ್ತದೆ. ಆ ಸ್ಥಿತಿಯಲ್ಲಿ ಖಾಕಾದಿಂದ (ತೂತು ಚುಚ್ಚಿದ ಚಿತ್ರದ ಹಾಳೆಯಿಂದ) ಎಷ್ಟೇ ಸರಿಯಾದ ವೃತ್ತ ಒತ್ತಿದರೂ, ಅಡ್ಡಾ ಬಿಚ್ಚಿದ ಮೇಲೆ ಬಿಗಿಯಿದ್ದ ದಿಕ್ಕು ಕುಗ್ಗಿ ವೃತ್ತ ಮೊಟಕಾಗುತ್ತದೆ, ಇನ್ನೊಂದು ದಿಕ್ಕು ಉದ್ದವಾಗಿ ಕಾಣುತ್ತದೆ. ಮಾಡಬೇಕಾದ್ದು ಇಷ್ಟು. ಬಟ್ಟೆ ಕಟ್ಟುವ ಮೊದಲೇ ಮೂಲೆಯಲ್ಲಿ, ಕತ್ತರಿಸಿ ಹೋಗುವ ಜಾಗದಲ್ಲಿ, ಹತ್ತು ರೂಪಾಯಿ ನಾಣ್ಯ ಇಟ್ಟು ಚಾಕ್ ಪೆನ್ಸಿಲಿನಿಂದ ಒಂದು ಸುತ್ತು ಎಳೆಯಿರಿ. ಅಡ್ಡಾ ಬಿಗಿದ ಮೇಲೆ ಅದೇ ನಾಣ್ಯವನ್ನು ಆ ಸುತ್ತಿನ ಮೇಲಿಟ್ಟು ನೋಡಿ. ಯಾವ ಕಡೆ ಗೆರೆ ಹೊರಗೆ ಬಂದಿದೆಯೋ ಆ ದಿಕ್ಕಿನ ಎಳೆತ ಹೆಚ್ಚು. ಎರಡೂ ಕಡೆ ಒಂದೇ ಅಳತೆ ಬರುವ ತನಕ ಪಕ್ಕದ ದಾರ ಸರಿಮಾಡಿ, ಆಮೇಲೆ ಖಾಕಾ ಒತ್ತಿ. ತೋಳನ್ನು ಓರೆಯಾಗಿ ಕತ್ತರಿಸುವ ಮಾದರಿಯಾದರೆ ಕಣ್ಣಿನ ಕೆಲಸ ಒಪ್ಪಿಕೊಳ್ಳಬೇಡಿ. ಓರೆಯಲ್ಲಿ ಬಟ್ಟೆ ತೊಟ್ಟಾಗಲೂ ಎಳೆಯುತ್ತಲೇ ಇರುತ್ತದೆ.

ಎರಡನೇ ಕಾರಣ ಚೈನ್ ಹೊಲಿಗೆ. ಆರಿ ಸೂಜಿಯ ಪ್ರತಿ ಕುಣಿಕೆಯೂ ಬಟ್ಟೆಯನ್ನು ಒಂಚೂರು ಒಳಗೆ ಎಳೆಯುತ್ತದೆ. ಕಣ್ಣಿನಲ್ಲಿ ಸಣ್ಣ ಜಾಗಕ್ಕೆ ದಟ್ಟ ಹೊಲಿಗೆ ಬೀಳುವುದರಿಂದ ಸುತ್ತಲಿನ ಬಟ್ಟೆ ಸುಕ್ಕಾಗುತ್ತದೆ. ಚಿತ್ರಕ್ಕಿಂತ ಸುತ್ತಲೂ ಎರಡು ಸೆಂ.ಮೀ. ದೊಡ್ಡದಾಗಿ ತೆಳು ಫ್ಯೂಸಿಂಗ್ (ಬಿಸಿಗೆ ಅಂಟುವ ಒಳಪದರ) ಕತ್ತರಿಸಿ ಹಿಂದಿನಿಂದ ಇಸ್ತ್ರಿ ಮಾಡಿ ಅಂಟಿಸಿ. ಪಾಪೆಯನ್ನು ಅಡ್ಡಗೆರೆಯಾಗಿ ತುಂಬಬೇಡಿ. ಹೊರಸುತ್ತಿನಿಂದ ನಡುವಿನ ಕಡೆಗೆ ಕಿರಣದಂತೆ ಎಳೆಗಳು ಬಂದರೆ ಎಳೆತ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗುತ್ತದೆ, ಕಣ್ಣಿಗೆ ಆಳವೂ ಬರುತ್ತದೆ. ಒಂದು ಎಳೆ ಉದ್ದ, ಒಂದು ಗಿಡ್ಡ ಬಿಡಿ. ಎಲ್ಲವೂ ನಡುವಿಗೆ ಬಂದರೆ ಅಲ್ಲಿ ಗಂಟಿನಂತೆ ಉಬ್ಬುತ್ತದೆ. ಕ್ರಮವೂ ಮುಖ್ಯ: ಮೊದಲು ಪಾಪೆಯ ನೀಲಿ, ಆಮೇಲೆ ಕಪ್ಪು, ಆಮೇಲೆ ರೆಪ್ಪೆಯ ಗೆರೆ, ಬಿಳಿ ಕೊನೆಗೆ. ಬಿಳಿಯನ್ನು ಮೊದಲು ತುಂಬಿದರೆ ಕೆಲಸ ಮುಗಿಯುವಷ್ಟರಲ್ಲಿ ಕೈಯ ಬೆವರಿಗೆ ಮಾಸುತ್ತದೆ. ಕೊನೆಗೆ ತುಂಬಿದ ಬಿಳಿ ಕೆಟ್ಟರೆ ಬಿಚ್ಚಿ ಮತ್ತೆ ತುಂಬುವುದೂ ಸುಲಭ.

ಬಣ್ಣ ಬಿಡುವುದು ದಾರದ ಜಾತಿಯಿಂದ. ಸಿಲ್ಕ್ ದಾರ ಎಂದು ಅಂಗಡಿಯಲ್ಲಿ ಕೊಡುವ ಹೊಳಪಿನ ರೀಲು ಹೆಚ್ಚಾಗಿ ರೇಯಾನ್. ಅಗ್ಗದ ರೇಯಾನಿನ ಕಡುನೀಲಿ, ಕಡುಕೆಂಪು ಬಣ್ಣಗಳು ನೀರು ಕಂಡರೆ ಬಿಡುತ್ತವೆ, ಬೇಸಿಗೆಯ ಕಲಬುರಗಿಯಲ್ಲಿ ತೋಳಿನ ಬೆವರೇ ಸಾಕು. ಹೊಸ ರೀಲು ತಂದ ದಿನವೇ ಗೇಣುದ್ದ ದಾರ ಕತ್ತರಿಸಿ, ಒಂದು ಹನಿ ಶಾಂಪೂ ಹಾಕಿದ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಬಿಳಿ ಕಾಟನ್ ಬಟ್ಟೆಯ ಎರಡು ಪದರದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಯ ಮೇಲೆ ನೀಲಿ ಗೆರೆ ಮೂಡಿದರೆ ಆ ರೀಲನ್ನು ಬಿಳಿಯ ಪಕ್ಕದಲ್ಲಿ ಬಳಸಬೇಡಿ. ವಿನೆಗರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತದೆ. ರೇಷ್ಮೆ, ಉಣ್ಣೆಗೆ ಹಾಕುವ ಆಮ್ಲ ಬಣ್ಣಗಳಿಗೆ ಅದರಿಂದ ಒಂಚೂರು ಸಹಾಯ ಆಗಬಹುದು. ರೇಯಾನಿಗೆ ಹಾಕುವ ಬಣ್ಣ ಬೇರೆ ಜಾತಿಯದು, ವಿನೆಗರಿಗೆ ಬಗ್ಗುವುದಿಲ್ಲ. ಹೊಳಪು ಒಂದು ಗುಲಗಂಜಿ ಕಡಿಮೆಯಾದರೂ ನೀಲಿಗೆ ಪಾಲಿಯೆಸ್ಟರ್ ದಾರವೇ ನನ್ನ ಆಯ್ಕೆ.

ಕುಬಸದ ಹಸಿರು ಬ್ಲೌಸಿನಲ್ಲಿ ಇನ್ನೊಂದು ಎಚ್ಚರ ಬೇಕು. ಕಡುಹಸಿರು ಬಟ್ಟೆಯೇ ಬಣ್ಣ ಬಿಡಬಹುದು, ಅದನ್ನೂ ಹೀಗೇ ಪರೀಕ್ಷಿಸಿ. ಹಸಿರಿನ ಮೇಲೆ ಕಡುನೀಲಿ ಮಂಕಾಗಿ ಮುಳುಗುತ್ತದೆ. ಹೊರಸುತ್ತಿಗೆ ಜರಿಯ ಒಂದು ಗೆರೆ ಕೊಟ್ಟರೆ ಎದ್ದು ಕಾಣುತ್ತದೆ. ಬಣ್ಣ ಹತ್ತಿಬಿಟ್ಟರೆ ಒಣಗಲು ಬಿಡದೆ ಕೂಡಲೇ ತಣ್ಣೀರಿನಲ್ಲಿ ಜಾಲಿಸಿ. ರೇಷ್ಮೆಗೆ ಬ್ಲೀಚಿಂಗ್ ದ್ರಾವಣ ಮುಟ್ಟಿಸಬೇಡಿ, ಅದು ಎಳೆಯನ್ನೇ ತಿನ್ನುತ್ತದೆ.

ಕಸೂತಿ ಬೇಡ, ಮಣಿಯನ್ನೇ ಹೊಲಿಯಿರಿ ಎನ್ನುವವರಿಗೆ ಮಣಿಯ ಬಗ್ಗೆ ಒಂದೆರಡು ಮಾತು ಹೇಳಿ. ನಿಜವಾದ ಗಾಜಿನ ಕಣ್ಣಿನ ಮಣಿಗಳನ್ನು ಟರ್ಕಿಯಲ್ಲಿ ಇಜ್ಮಿರ್ ನಗರದ ಹತ್ತಿರದ ಹಳ್ಳಿಗಳಲ್ಲಿ ಕಟ್ಟಿಗೆಯ ಕುಲುಮೆಯ ಮುಂದೆ ಕೂತು ಮಾಡುತ್ತಾರೆ. ಕಬ್ಬಿಣದ ಕಡ್ಡಿಗೆ ಕರಗಿದ ನೀಲಿ ಗಾಜು ಸುತ್ತಿ, ಅದರ ಮೇಲೆ ಬಿಳಿ, ತಿಳಿನೀಲಿ, ಕಪ್ಪು ಹನಿ ಒಂದರ ಮೇಲೊಂದು ಇಟ್ಟು ಒತ್ತುತ್ತಾರೆ. ಕೈಯಿಂದ ಒತ್ತಿದ್ದರಿಂದ ಕಣ್ಣು ಸರಿಯಾಗಿ ನಡುವೆ ಇರುವುದಿಲ್ಲ, ಅದೇ ಗುರುತು. ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿಗಟ್ಟಲೆ ಸಿಗುವವು ಹೆಚ್ಚಾಗಿ ರೆಸಿನ್ ಇಲ್ಲವೇ ಬಣ್ಣ ಮುದ್ರಿಸಿದ ಪ್ಲಾಸ್ಟಿಕ್. ಕೆನ್ನೆಗೆ ತಾಗಿಸಿದರೆ ಗಾಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಇರುವುದಿಲ್ಲ. ಮುದ್ರಿಸಿದ ಕಣ್ಣು ಸೆಂಟು, ಸ್ಯಾನಿಟೈಸರ್ ತಾಗಿದರೆ ಅಳಿಸುತ್ತದೆ. ಬಿಸಿ ಅಂಟಿನಿಂದ ಅಂಟಿಸಿದ ಮಣಿ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೇ ಕಳಚುತ್ತದೆ. ತೂತಿರುವ ಮಣಿಯನ್ನೇ ತಂದು ದಾರ ಎರಡು ಸಲ ಹಾಯಿಸಿ ಕಟ್ಟಿ.

ಮಣಿ ಒಡೆದರೆ ನೆದರು ಹೀರಿಕೊಂಡು ಒಡೆಯಿತು ಎನ್ನುತ್ತಾರೆ. ನಂಬುವವರ ಮಾತಿಗೆ ಎದುರು ಹೇಳುವ ಅಗತ್ಯ ನಿಮಗಿಲ್ಲ, ಆದರೆ ಕಾರಣ ಗೊತ್ತಿರಲಿ. ಬಿಸಿ ಗಾಜು ನಿಧಾನವಾಗಿ ಆರದಿದ್ದರೆ ಒಳಗೆ ಬಿಗಿತ ಉಳಿದುಬಿಡುತ್ತದೆ. ಬೇರೆ ಬೇರೆ ಬಣ್ಣದ ಗಾಜುಗಳು ಬಿಸಿ-ತಂಪಿಗೆ ಒಂದೇ ಸಮ ಹಿಗ್ಗಿ ಕುಗ್ಗುವುದೂ ಇಲ್ಲ. ಅಂಥ ಮಣಿ ಮುಟ್ಟದೆ ಇಟ್ಟರೂ ಒಂದು ದಿನ ಸೀಳಬಹುದು. ಗಿರಾಕಿ ದುಡ್ಡು ವಾಪಸ್ ಕೇಳುವ ಮೊದಲು, ಮಾರುವಾಗಲೇ ಇದನ್ನು ಹೇಳಿಬಿಡಿ.

ಕಣ್ಣಿನ ಮಣಿ ಎಂದರೆ ಟರ್ಕಿಯದೇ ಎಂದುಕೊಳ್ಳಬೇಕಾಗಿಲ್ಲ. ಸಿಂಧೂ ನಾಗರಿಕತೆಯ ಮಣಿಗಾರರು ಪಟ್ಟೆಯಿರುವ ಅಗೇಟ್ ಕಲ್ಲನ್ನು ನಡುವೆ ಕಣ್ಣು ಮೂಡುವಂತೆ ಕತ್ತರಿಸಿ ಮಣಿ ಮಾಡುತ್ತಿದ್ದರು. ಕಲಬುರಗಿ, ಯಾದಗಿರಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಾಂಚಳಿಯಲ್ಲಿ (ರವಿಕೆಯಲ್ಲಿ) ಕನ್ನಡಿ ಬಿಲ್ಲೆ ಇದೇ ಕೆಲಸ ಮಾಡುತ್ತದೆ, ನೋಡಿದವರ ನೋಟವನ್ನು ಅವರಿಗೇ ತಿರುಗಿಸುತ್ತದೆ. ನೀಲಿ ಕಣ್ಣು ಬೇಡ ಎನ್ನುವ ಗಿರಾಕಿಗೆ 12 ಮಿ.ಮೀ. ಕನ್ನಡಿಯನ್ನೇ ಪಾಪೆಯಾಗಿ ಕೂರಿಸಿ ಕೊಡಬಹುದು. ಕನ್ನಡಿಯ ಮೇಲೆ ಮೊದಲು ನಾಲ್ಕು ಎಳೆ ಚೌಕವಾಗಿ, ಮತ್ತೆ ನಾಲ್ಕು ಓರೆಯಾಗಿ ಹಾಯಿಸಿ, ಆ ಎಳೆಗಳನ್ನು ಹಿಡಿದೇ ಸುತ್ತಲೂ ಕಾಜಾ ಹೊಲಿಗೆ ಹಾಕಬೇಕು. ಮೊದಲ ಎಳೆಗಳು ತೀರ ಅಂಚಿಗೆ ಹೋದರೆ ಕನ್ನಡಿ ಜಾರಿ ಬೀಳುತ್ತದೆ, ತೀರ ನಡುವೆ ಬಂದರೆ ಕನ್ನಡಿಯೇ ಕಾಣುವುದಿಲ್ಲ. ಅಂಚಿನಿಂದ ಮೂರನೇ ಒಂದು ಭಾಗ ಒಳಗಿರಲಿ. ಈ ಕೆಲಸ ಚೆನ್ನಾಗಿ ಬರುವವರು ತಾಂಡಾದಲ್ಲೇ ಇದ್ದಾರೆ. ನಕಲು ಮಾಡುವುದಕ್ಕಿಂತ ಅವರಿಗೇ ಕೂಲಿ ಕೊಟ್ಟು ಹಾಕಿಸುವುದು ಎಲ್ಲ ರೀತಿಯಿಂದಲೂ ಸರಿ.

ಬಿದ್ರಿ ಪದಕದ ಮಾತಿಗೆ ಬರೋಣ. ಕಣ್ಣು ಆಗುತ್ತದೆ, ಚಂದವೂ ಆಗುತ್ತದೆ. ನೀಲಿಯ ಮೀನಾಕಾರಿ, ಅಂದರೆ ಗಾಜಿನ ಪುಡಿ ಕರಗಿಸಿ ಹಿಡಿಸುವ ಬಣ್ಣ, ಮಾತ್ರ ಆಗುವುದಿಲ್ಲ. ಬಿದ್ರಿಯ ಲೋಹದಲ್ಲಿ ಹೆಚ್ಚಿನ ಪಾಲು ಸತು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು ಕರಗುವುದು 419 ಡಿಗ್ರಿ ಸೆಲ್ಸಿಯಸ್‌ಗೆ. ಮೀನಾದ ಗಾಜಿನ ಪುಡಿ ಕರಗಿ ಹಿಡಿಯಲು 750 ಡಿಗ್ರಿಗೂ ಮೇಲೆ ಬೇಕು. ಮೀನಾ ಹಿಡಿಯುವ ಎಷ್ಟೋ ಮೊದಲೇ ಪದಕ ನೀರಾಗಿರುತ್ತದೆ. ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಅದು ತಣ್ಣಗೆ ಹಚ್ಚುವ ರೆಸಿನ್ ಬಣ್ಣ. ಬಿದ್ರಿಗೆ ಕೊನೆಯಲ್ಲಿ ಎಣ್ಣೆ ಹಚ್ಚುವುದರಿಂದ ಆ ಬಣ್ಣ ಹಿಡಿದು ನಿಲ್ಲುವುದಿಲ್ಲ.

ಆ ಹೆಣ್ಣುಮಗಳಿಗೆ ಬಿದ್ರಿಯ ಕಪ್ಪು-ಬಿಳುಪನ್ನೇ ಒಪ್ಪಿಸಿ ನೋಡಿ. ಕಣ್ಣು ಅದಕ್ಕೆ ಹೇಳಿಮಾಡಿಸಿದ ಚಿತ್ರ. ಎರಕ ಹೊಯ್ದ ಬಿಲ್ಲೆಯನ್ನು ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಚಿತ್ರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರಕಶಿ, ತಗಡಿನದು ತಹನಿಶಾನ್. ಮತ್ತೆ ಉಜ್ಜಿದಾಗ ಬೆಳ್ಳಿ, ಸತು ಎರಡೂ ಬಿಳಿಯಾಗಿ ಚಿತ್ರ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಬಿಲ್ಲೆಯನ್ನು ಸ್ವಲ್ಪ ಬಿಸಿಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಮತ್ತು ನೀರು ಕಲಸಿ ಉಜ್ಜಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಳೆ-ಬಿಸಿಲು ತಾಗದ ಜಾಗದ ಹಳೆಯ ಮಣ್ಣೇ ಬೇಕು. ಕುಶಲಕರ್ಮಿಗಳು ನಾಲಿಗೆಗಿಟ್ಟು ಅದನ್ನು ಆರಿಸುತ್ತಾರೆ.

ಆರ್ಡರ್ ಕೊಡುವಾಗ ಹೀಗೆ ಹೇಳಿ: ಬಿಲ್ಲೆ 35 ಮಿ.ಮೀ. ಉದ್ದ, ಮೂರರಿಂದ ನಾಲ್ಕು ಮಿ.ಮೀ. ದಪ್ಪ. ಇದಕ್ಕಿಂತ ತೆಳುವಾದರೆ ಕೊರೆಯುವಾಗ ಬಿರುಕು ಬಿಡುತ್ತದೆ, ಈ ಲೋಹ ಬಾಗದೆ ಮುರಿಯುವಂಥದ್ದು. ಕಣ್ಣಿನ ಬಿಳಿ ಭಾಗ ಎಡಕ್ಕೊಂದು ಬಲಕ್ಕೊಂದು ಎರಡು ಬೆಳ್ಳಿ ತಗಡಿನಲ್ಲಿ ಇರಲಿ. ಒಂದೇ ದೊಡ್ಡ ತಗಡು ನಡುವೆ ಉಬ್ಬಿ ಅಂಚು ಏಳುತ್ತದೆ. ಪಾಪೆಗೆ ತಂತಿಯ ಕಿರಣಗಳು, ನಡುವಿನ ಕಪ್ಪಿಗೆ ಏನೂ ಕೊರೆಯದೆ ಲೋಹವನ್ನು ಹಾಗೇ ಬಿಡುವುದು, ರೆಪ್ಪೆಗೂದಲಿಗೆ ತಾರಕಶಿ. ನೀಲಿ ಇಲ್ಲದೆ ಆಗುವುದೇ ಇಲ್ಲ ಎಂದರೆ, ಬೆಳ್ಳಿ ಕಟ್ಟಿನಲ್ಲಿ ಕೂರಿಸಿದ ಐದು ಮಿ.ಮೀ. ನೀಲಿ ಗಾಜಿನ ಇಲ್ಲವೇ ಲಾಜವರ್ದ ಕಲ್ಲಿನ ಗುಂಡನ್ನು ಕಪ್ಪು ಮಾಡುವ ಕೆಲಸ ಮುಗಿದ ಮೇಲೆ ಹಿಂದಿನಿಂದ ಮೊಳೆ ಹೊಡೆದು ಕೂರಿಸಬೇಕು. ಬೆಸುಗೆ ಬೇಡ, ಬಿಸಿಗೆ ಲೋಹವೂ ಬಣ್ಣವೂ ಕೆಡುತ್ತವೆ. ನೀಲಿಯ ಛಾಯೆ ಆರಿಸಲು ಚೀನಾ ಮಣಿಯ ಫೋಟೊ ನೋಡುವ ಬದಲು ಬೀದರಿನ ಮಹಮೂದ್ ಗವಾನ್ ಮದರಸಾದ ಗೋಡೆ ನೋಡಿ. 1472ರ ಆ ಕಟ್ಟಡದ ಮೇಲೆ ಉಳಿದಿರುವ ಹೆಂಚುಗಳಲ್ಲಿ ಕಡುನೀಲಿ, ತಿಳಿನೀಲಿ, ಬಿಳಿ ಒಟ್ಟಿಗೆ ಹೇಗೆ ಹೊಂದುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ.

ಬಿದ್ರಿಗೆ 2006ರಿಂದ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಬಳಿದು ಬೆಳ್ಳಿ ಬಣ್ಣದ ಗೆರೆ ಎಳೆದ ಮಾಲೂ ಮಾರುಕಟ್ಟೆಯಲ್ಲಿದೆ. ಕೈಯಲ್ಲಿ ಹಿಡಿದರೆ ಹಗುರ ಇರುತ್ತದೆ, ಉಗುರಿಗೆ ಗೆರೆ ಎದ್ದು ತಾಗುತ್ತದೆ. ನಿಜವಾದದ್ದರಲ್ಲಿ ಬೆಳ್ಳಿ, ಲೋಹ ಒಂದೇ ಮಟ್ಟ. ಹುಳಿ, ಬೆವರು, ಬೆಳ್ಳಿ ತೊಳೆಯುವ ದ್ರಾವಣ ಮೂರೂ ಕಪ್ಪನ್ನು ತಿನ್ನುತ್ತವೆ. ಪದಕವನ್ನು ಸೀರೆಯ ಮೇಲೆ ಬರುವಂತೆ ಉದ್ದ ಸರದಲ್ಲಿ ಹಾಕಿಕೊಳ್ಳಲಿ, ತೆಗೆದ ಮೇಲೆ ಒಣ ಬಟ್ಟೆಯಿಂದ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಲಿ. ಕಿವಿಯೋಲೆಯಾದರೆ ಕಿವಿಯೊಳಗೆ ಹೋಗುವ ಕಡ್ಡಿ ಬೆಳ್ಳಿಯದೇ ಇರಲಿ.

ಗಿರಾಕಿಯ ಜೊತೆ ಮಾತಿನಲ್ಲಿ ಎರಡು ಎಚ್ಚರ ಇಟ್ಟುಕೊಳ್ಳಿ. ಎಲ್ಲರಿಗೂ ಕಣ್ಣು ಒಪ್ಪಿಗೆ ಎಂದುಕೊಳ್ಳಬೇಡಿ. ದೃಷ್ಟಿ ಇದೆ ಎಂದು ನಂಬುವ ಮುಸ್ಲಿಂ ಮನೆಗಳಲ್ಲೂ ಮಣಿ, ತಾಯತ ಕಟ್ಟುವುದನ್ನು ಒಪ್ಪದವರು ಬಹಳ ಜನ ಇದ್ದಾರೆ. ಹಿಂದೂ ಮನೆಗಳಲ್ಲಿ ದೇವಿಗೆ ಹರಕೆ ಒಪ್ಪಿಸುವ ಬೆಳ್ಳಿ ಕಣ್ಣಿನ ಮಾದರಿ ಬ್ಲೌಸಿನ ಮೇಲೆ ಬಂದರೆ ನೊಂದುಕೊಳ್ಳುವವರಿದ್ದಾರೆ. ಆ ಆಕಾರವನ್ನು ದೇವರಿಗೇ ಬಿಡಿ. ಎರಡನೆಯದು, ಇದನ್ನು ತೊಟ್ಟರೆ ಗರ್ಭ ನಿಲ್ಲುತ್ತದೆ, ಬೇನೆ ಬರುವುದಿಲ್ಲ ಎಂದು ಬೋರ್ಡಿನಲ್ಲೋ ಸ್ಟೇಟಸ್ಸಿನಲ್ಲೋ ಬರೆಯಬೇಡಿ. ತಾಯತ, ಕವಚಗಳಿಂದ ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ನಿಷೇಧಿಸುತ್ತದೆ. ಕಣ್ಣಿನ ವಿನ್ಯಾಸ ಎಂದಷ್ಟೇ ಬರೆದರೆ ಸಾಕು, ಉಳಿದದ್ದು ಕೊಳ್ಳುವವರ ನಂಬಿಕೆ.

ತೊಟ್ಟಿಲ ಕಾರ್ಯಕ್ಕೆ ಕೂಸಿನ ಕುಂಚಿಗೆಗೆ (ತಲೆ, ಬೆನ್ನು ಮುಚ್ಚುವ ಟೊಪ್ಪಿಗೆಗೆ) ಕಣ್ಣು ಕೇಳಿದರೆ ಬರೀ ದಾರದ ಕೆಲಸ ಮಾಡಿಕೊಡಿ. ಮಣಿ, ಕನ್ನಡಿ, ಕಟ್‌ದಾನಾ ಯಾವುದೂ ಬೇಡ. ಕೂಸು ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತದೆ. ಚಿತ್ರ ಕುಂಚಿಗೆಯ ಹಿಂದಿನ ಇಳಿಬಿದ್ದ ಭಾಗದ ಕೆಳ ಅಂಚಿನಲ್ಲಿರಲಿ, ಏಕೆಂದರೆ ತಲೆಯ ಹಿಂದೆ ದಪ್ಪ ಹೊಲಿಗೆ ಬಂದರೆ ಮಲಗಿದಾಗ ಎಳೆ ತಲೆಗೆ ಒತ್ತುತ್ತದೆ. ಹಿಂಬದಿಯ ಗಂಟುಗಳ ಮೇಲೆ ಮೆತ್ತನೆ ಮಲ್‌ಮಲ್ ತುಂಡೊಂದನ್ನು ಹೊಲಿದು ಮುಚ್ಚಿ.